ರುಚಿ ನೋಡದೆ ಹಾಕಿದ ಸಹಿ

(ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಸರ್ಕಾರಿ ಶಾಲಾ ಮಕ್ಕಳ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸರ್ಕಾರಿ ಶಾಲೆಗಳಲ್ಲಿ ಪೌಷ್ಟಿಕ ಆಹಾರದ ಶಿಕ್ಷಣ ಮತ್ತು ಬಿಸಿಯೂಟದ ಮೇಲುಸ್ತುವಾರಿ ನಡೆಸುವವರಿಗೆ ಯಾವ ಅರ್ಹತೆ ಇರಬೇಕು ಎಂಬ ಬಗ್ಗೆ ಮಾತನಾಡುವಂತೆ ಸಂಘಟಕರು ನಮ್ಮನ್ನು ಕೇಳಿಕೊಂಡಿದ್ದಾರೆ. ಅನ್ಯರ ಅರ್ಹತೆಯನ್ನು ಅಳೆಯುವ ಮುನ್ನ ನಮ್ಮ ಅನರ್ಹತೆಯನ್ನು ಒಪ್ಪಿಕೊಳ್ಳುವುದು ನ್ಯಾಯ. ಆದ್ದರಿಂದ ಒಂದು ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಇದೇ ಸುತ್ತಮುತ್ತಲಿನ ಒಂದು ಸರ್ಕಾರಿ ಶಾಲೆಗೆ ಸಮಾರಂಭವೊಂದರ ಅತಿಥಿಯಾಗಿ ಹೋಗಿದ್ದೆವು. ಮಧ್ಯಾಹ್ನದ ಹೊತ್ತು. ವ್ಯಾನಿನಿಂದ ಊಟದ ಸ್ಟೀಲ್ ಡಬ್ಬಗಳು ಇಳಿದವು. ಶಿಕ್ಷಕರೊಬ್ಬರು ಒಂದು ಪುಸ್ತಕವನ್ನು ನಮ್ಮ ಮುಂದಿಟ್ಟು, "ಹೊರಗಿನವರು ಬಂದಾಗ ಅವರ ಅಭಿಪ್ರಾಯವನ್ನೂ ಬರೆಸುತ್ತೇವೆ" ಎಂದರು. ಹಿಂದಿನ ಪುಟಗಳಲ್ಲೆಲ್ಲ "ಊಟ ಉತ್ತಮವಾಗಿದೆ" ಎಂದಿತ್ತು. ನಾವೂ ಅದನ್ನೇ ಬರೆದು ಸಹಿ ಹಾಕಿದೆವು. ಆಗ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು, "ಚಾಚಾ, ನೀವು ತಿಂದಿರಾ?" ಎಂದು ಕೇಳಿದಳು.

ನಾವು ತಿಂದಿರಲಿಲ್ಲ. ಆ ಮಗುವಿನ ಮಾತಿನಲ್ಲಿ ಆರೋಪವಿರಲಿಲ್ಲ, ಬರೀ ಕುತೂಹಲವಿತ್ತು. ಹಾಗಿದ್ದೂ ಆ ದಿನವಿಡೀ ಅದು ನಮ್ಮನ್ನು ಬಿಡಲಿಲ್ಲ. ಊಟ ಬಡಿಸುತ್ತಿದ್ದ ಸಹಾಯಕಿ ನಮ್ಮ ಮುಜುಗರವನ್ನು ಗಮನಿಸಿರಬೇಕು. ಆಕೆ ಮೆಲ್ಲನೆ, "ಸಾರ್, ಪುಸ್ತಕ ನೋಡಿದರೆ ಏನೂ ಗೊತ್ತಾಗೋದಿಲ್ಲ, ಬಕೆಟ್ ನೋಡಿ" ಎಂದರು. ಕೈ ತೊಳೆಯುವ ಜಾಗದಲ್ಲಿ ಎರಡು ಬಕೆಟ್‌ಗಳಿದ್ದವು. ಅವುಗಳಲ್ಲಿ ಅನ್ನ ಕಡಿಮೆ, ಸಾಂಬಾರು ಮತ್ತು ತರಕಾರಿ ಹೆಚ್ಚು. ಮಕ್ಕಳು ಹಸಿವಿಗೆ ಅನ್ನವನ್ನು ನುಂಗಿ, ಮೈಗೆ ಹತ್ತಬೇಕಾದ ಬೇಳೆ ಮತ್ತು ತರಕಾರಿಯನ್ನು ಚೆಲ್ಲಿದ್ದರು.

ಬಂಧುಗಳೇ, ಮೇಲುಸ್ತುವಾರಿ ಎಂದರೆ ಪುಸ್ತಕವನ್ನು ನೋಡುವುದೋ, ಬಕೆಟನ್ನು ನೋಡುವುದೋ? ಇಂದಿನ ನಮ್ಮ ವಿಷಯವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಹಕ್ಕು ಬಂದ ಬಗೆ

ಶಾಲೆಯ ಊಟ ಯಾರದೋ ದಾನವಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಬೇಕಾಗಿದೆ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2013ರ ಆಹಾರ ಭದ್ರತಾ ಕಾಯ್ದೆ ಈ ಊಟವನ್ನು ಶಾಸನಬದ್ಧ ಹಕ್ಕನ್ನಾಗಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2021ರಲ್ಲಿ ಕೇಂದ್ರವು ತನ್ನ ಯೋಜನೆಗೆ ಪಿಎಂ ಪೋಷಣ್ ಎಂದು ಹೊಸ ಹೆಸರಿಟ್ಟಿತು. ಊಟ ಎಂಬ ಪದ ಹೋಗಿ ಪೋಷಣೆ ಎಂಬ ಪದ ಬಂದಿರುವುದು ಗಮನಾರ್ಹ. ಹೊಟ್ಟೆ ತುಂಬಿಸಿದರೆ ಸಾಲದು, ದೇಹ ಬೆಳೆಯಬೇಕು, ಮಗು ಆಹಾರದ ತಿಳಿವಳಿಕೆಯನ್ನೂ ಪಡೆಯಬೇಕು ಎಂಬುದು ಇದರ ಅರ್ಥ.

ಇದರ ಅಗತ್ಯವೆಷ್ಟೆಂದು ತಿಳಿಯಲು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಬೇಕು. ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 6 ತಿಂಗಳಿನಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿದೆ. ಇದೇ ಮಕ್ಕಳು ಒಂದನೇ ತರಗತಿಯ ಬೆಂಚಿನಲ್ಲಿ ಬಂದು ಕೂರುತ್ತಾರೆ. ಪಾಠ ತಲೆಗೆ ಹತ್ತುವುದಿಲ್ಲವೆಂದು ನಾವು ಅವರ ಬುದ್ಧಿಯನ್ನು ದೂರುತ್ತೇವೆ, ರಕ್ತವನ್ನು ನೋಡುವುದಿಲ್ಲ.

ಇಂದು ಈ ಕಾರ್ಯಕ್ರಮದ ಮೇಲುಸ್ತುವಾರಿ ಯಾರ ಕೈಯಲ್ಲಿದೆ? ಶಾಲೆಯಲ್ಲಿ ಮುಖ್ಯ ಶಿಕ್ಷಕರು, ತಾಲೂಕಿನಲ್ಲಿ ಅಕ್ಷರ ದಾಸೋಹದ ಸಹಾಯಕ ನಿರ್ದೇಶಕರು, ಜಿಲ್ಲೆಯಲ್ಲಿ ಶಿಕ್ಷಣಾಧಿಕಾರಿಗಳು. ಇವರಲ್ಲಿ ಪ್ರಾಮಾಣಿಕರೂ ಶ್ರಮಜೀವಿಗಳೂ ಧಾರಾಳ ಇದ್ದಾರೆ. ಆದರೆ ಇವರು ಶಿಕ್ಷಣ ಇಲಾಖೆಯವರು. ಅಕ್ಕಿಯ ದಾಸ್ತಾನು, ಹಾಜರಾತಿ, ಬಿಲ್ಲು, ಅನಿಲದ ಸಿಲಿಂಡರ್ ಇವುಗಳ ಲೆಕ್ಕವನ್ನು ಅವರಿಂದ ಕೇಳಲಾಗುತ್ತದೆ. ಪೋಷಣೆಯ ಶಾಸ್ತ್ರವನ್ನು ಓದಿರುವಿರಾ ಎಂದು ಕೇಳುವವರು ಅಪರೂಪ. ಗಣಿತ ಕಲಿಸಲು ಬಿ.ಎಡ್. ಬೇಕು, ಸೂಜಿ ಚುಚ್ಚಲು ನರ್ಸಿಂಗ್ ಬೇಕು. ಮಗುವಿನ ತಟ್ಟೆಯ ಉಸ್ತುವಾರಿಗೆ ಮಾತ್ರ ಹುದ್ದೆಯೊಂದಿದ್ದರೆ ಸಾಕು ಎಂಬುದು ಎಂತಹ ವಿಪರ್ಯಾಸ!

ಒಂದು ಹಳೆಯ ಹುದ್ದೆ

ಮದ್ರಸದಲ್ಲಿ ಓದಿದ ನಮಗೆ ಇಲ್ಲಿ ಹಳೆಯ ಹುದ್ದೆಯೊಂದು ನೆನಪಾಗುತ್ತದೆ. ಹಿಂದಿನ ಮುಸ್ಲಿಮ್ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇದ್ದನು. ತೂಕ, ಅಳತೆ, ರೊಟ್ಟಿಯ ಅಂಗಡಿ, ಅಡುಗೆಯ ಮನೆ, ಔಷಧಿಯ ಅಂಗಡಿ ಇವುಗಳನ್ನು ಪರೀಕ್ಷಿಸುವುದು ಅವನ ಕೆಲಸ. ಹನ್ನೆರಡನೇ ಶತಮಾನದಲ್ಲಿ ಸಿರಿಯಾದ ಶೈಝರಿ ಎಂಬ ವಿದ್ವಾಂಸರು ಈ ಅಧಿಕಾರಿಗಾಗಿ ಕೈಪಿಡಿಯೊಂದನ್ನು ಬರೆದರು. ಹಿಟ್ಟು ನಾದುವವನ ಬೆವರು ಹಿಟ್ಟಿಗೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿರಬೇಕು, ನೊಣ ಓಡಿಸಲು ಪಕ್ಕದಲ್ಲೊಬ್ಬನಿರಬೇಕು ಎಂಬಷ್ಟು ಸೂಕ್ಷ್ಮ ವಿವರ ಅದರಲ್ಲಿದೆ. ಅದಕ್ಕಿಂತಲೂ ಮುಖ್ಯವಾದ ಮಾತೊಂದಿದೆ: ಎಲ್ಲ ಕಸುಬುಗಳ ಒಳಹೊರಗನ್ನು ಒಬ್ಬನೇ ತಿಳಿಯಲಾರ, ಆದ್ದರಿಂದ ಮುಹ್ತಸಿಬನು ಪ್ರತಿಯೊಂದು ಕಸುಬಿನಿಂದಲೂ ಅದನ್ನು ಬಲ್ಲ, ನಂಬಿಕೆಗೆ ಅರ್ಹನಾದ ಒಬ್ಬನನ್ನು ತನ್ನೊಂದಿಗೆ ಇಟ್ಟುಕೊಳ್ಳಬೇಕು. ಅಂಥವನನ್ನು ಅರೀಫ್, ಅಂದರೆ ಬಲ್ಲವನು ಎಂದು ಕರೆದರು.

ಅವರಿಗಿಂತ ಹಿಂದಿನವರಾದ ಇಮಾಮ್ ಗಝಾಲಿಯವರು ತಮ್ಮ 'ಇಹ್ಯಾ ಉಲೂಮುದ್ದೀನ್'ನಲ್ಲಿ ಇಂತಹ ಹೊಣೆ ಹೊತ್ತವನಿಗೆ ಮೂರು ಗುಣಗಳನ್ನು ಹೇಳಿದ್ದಾರೆ: ಇಲ್ಮ್, ವರಾ ಮತ್ತು ಹುಸ್ನುಲ್ ಖುಲುಕ್. ಅಂದರೆ ಜ್ಞಾನ, ಕಳಂಕಕ್ಕೆ ಹೆದರುವ ಪ್ರಾಮಾಣಿಕತೆ ಮತ್ತು ಸೌಜನ್ಯ. ಇಂದಿನ ಅರ್ಹತೆಯನ್ನು ಅಳೆಯಲು ಇದಕ್ಕಿಂತ ಉತ್ತಮ ಅಳತೆಗೋಲು ನಮಗೆ ಕಾಣುತ್ತಿಲ್ಲ. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು ಜ್ಞಾನ

ಯೋಜನೆಯ ನಿಯಮದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನದ ಊಟದಲ್ಲಿ 450 ಕ್ಯಾಲರಿ ಶಕ್ತಿ, 12 ಗ್ರಾಂ ಪ್ರೋಟೀನು ಸಿಗಬೇಕು. ಆರರಿಂದ ಎಂಟನೇ ತರಗತಿಯವರಿಗೆ 700 ಕ್ಯಾಲರಿ, 20 ಗ್ರಾಂ ಪ್ರೋಟೀನು. ಚಿಕ್ಕ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ನಿಗದಿಯಾಗಿದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿದೆ. ನೂರು ಗ್ರಾಂ ಅಕ್ಕಿಯಲ್ಲಿ ಏಳೆಂಟು ಗ್ರಾಂ, ಇಪ್ಪತ್ತು ಗ್ರಾಂ ಬೇಳೆಯಲ್ಲಿ ನಾಲ್ಕೈದು ಗ್ರಾಂ, ಒಟ್ಟು ಹನ್ನೆರಡು ಆಯಿತು. ಈಗ ಆ ಬಕೆಟನ್ನು ನೆನಪಿಸಿಕೊಳ್ಳಿ. ಮಗು ಬೇಳೆಯನ್ನು ಚೆಲ್ಲಿದರೆ ಹನ್ನೆರಡು ಇದ್ದದ್ದು ಏಳಕ್ಕೆ ಇಳಿಯುತ್ತದೆ. ಪುಸ್ತಕದಲ್ಲಿ ಮಾತ್ರ ಹನ್ನೆರಡೇ ಉಳಿಯುತ್ತದೆ. ಈ ವ್ಯತ್ಯಾಸವನ್ನು ಕಂಡುಹಿಡಿಯಬಲ್ಲವರೇ ಬಲ್ಲವರು.

ಬಲ್ಲವರನ್ನು ಗುರುತಿಸುವ ಕಾನೂನು ನಮ್ಮಲ್ಲಿ ಇಲ್ಲದಿಲ್ಲ. 2021ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಆರೋಗ್ಯ ಪೂರಕ ವೃತ್ತಿಗಳ ಆಯೋಗದ ಕಾಯ್ದೆಯು ಆಹಾರ ತಜ್ಞರನ್ನೂ ಪೋಷಣಾ ತಜ್ಞರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಸಾರ್ವಜನಿಕ ಆರೋಗ್ಯದ ಪೋಷಣಾ ತಜ್ಞರೆಂಬ ವಿಭಾಗವೂ ಅದರಲ್ಲಿದೆ. 2020ರ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳು ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿನಿಸುಗಳನ್ನು ಶಾಲೆಯ ಆವರಣದಲ್ಲೂ ಅದರ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂದು ಹೇಳುವುದರ ಜೊತೆಗೆ, ಮಕ್ಕಳ ಊಟದ ಪಟ್ಟಿಯನ್ನು ತಯಾರಿಸಲು ಪೋಷಣಾ ತಜ್ಞರ ನೆರವು ಪಡೆಯುವುದಕ್ಕೂ ಅವಕಾಶ ಮಾಡಿವೆ. ಅವಕಾಶವೇನೋ ಇದೆ. ಗೇಟಿನ ಮುಂದೆ ಹತ್ತು ಹೆಜ್ಜೆಯಲ್ಲಿ ತೂಗುತ್ತಿರುವ ಚಿಪ್ಸ್ ಪ್ಯಾಕೆಟ್‌ಗಳ ಮಾಲೆಯನ್ನು ನೋಡಿದರೆ ನಿಯಮದ ಗತಿ ತಿಳಿಯುತ್ತದೆ.

ಜಗತ್ತಿನ ಇತರೆಡೆಯಲ್ಲಿ ಏನು ಮಾಡಿದ್ದಾರೆ? ಜಪಾನಿನಲ್ಲಿ ಶಾಲಾ ಊಟದ ಕಾನೂನು 1954ರಲ್ಲೇ ಬಂತು. 2005ರಲ್ಲಿ ಅವರು ಪೋಷಣಾ ಶಿಕ್ಷಕರೆಂಬ ಹೊಸ ಹುದ್ದೆಯನ್ನೇ ಸೃಷ್ಟಿಸಿದರು. ಪೋಷಣೆಯ ಶಾಸ್ತ್ರವನ್ನು ಓದಿದ್ದು, ಬೋಧನೆಯ ಪರವಾನಗಿಯನ್ನೂ ಪಡೆದವರು ಮಾತ್ರ ಆ ಹುದ್ದೆಗೆ ಅರ್ಹರು. ಊಟದ ಪಟ್ಟಿಯನ್ನು ಮಾಡುವವರೂ ಅದೇ ಊಟವನ್ನು ಇಟ್ಟುಕೊಂಡು ಪಾಠ ಹೇಳುವವರೂ ಒಬ್ಬರೇ. ಅಮೆರಿಕದಲ್ಲಿ 2015ರಿಂದ ಶಾಲಾ ಊಟದ ಸಿಬ್ಬಂದಿಗೆ ವೃತ್ತಿಯ ಮಾನದಂಡಗಳಿವೆ. ನಿರ್ದೇಶಕರು ವರ್ಷಕ್ಕೆ 12 ಗಂಟೆ, ಅಡುಗೆಮನೆಯ ವ್ಯವಸ್ಥಾಪಕರು 10 ಗಂಟೆ, ಇತರ ಪೂರ್ಣಾವಧಿ ಸಿಬ್ಬಂದಿ 6 ಗಂಟೆ ತರಬೇತಿ ಪಡೆಯಲೇಬೇಕು. ಕಲಿಕೆ ಪದವಿಯೊಂದಿಗೆ ಮುಗಿಯುವುದಿಲ್ಲ ಎಂಬುದನ್ನು ಅವರು ನಿಯಮವನ್ನಾಗಿಸಿದ್ದಾರೆ.

ಹಾಗೆಂದು ನಮಗೆ ಬೇಕಾದ ಜ್ಞಾನ ಟೋಕಿಯೋದಿಂದ ಬರಬೇಕಾಗಿಲ್ಲ. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇದೆ ಎಂದು ಪರಿಷೆಯ ಮರುದಿನ ತರಗತಿಯಲ್ಲಿ ಹೇಳಿದರೆ ಯಾವ ಮಗು ಮರೆತೀತು? ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ, ಅದು ಅಷ್ಟೇ ತೂಕದ ಹಾಲಿಗಿಂತಲೂ ಹೆಚ್ಚು. ಊಟದ ಜೊತೆಗೆ ಚಹಾ ಕುಡಿದರೆ ಕಬ್ಬಿಣಾಂಶ ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ, ನಿಂಬೆಹಣ್ಣು ಹಿಂಡಿದರೆ ಹೆಚ್ಚಾಗುತ್ತದೆ. ಇಷ್ಟನ್ನು ಮಗುವಿನ ಭಾಷೆಯಲ್ಲಿ, ಅದು ಕನ್ನಡವಿರಲಿ ಉರ್ದುವಿರಲಿ ತಮಿಳಿರಲಿ, ತಿಳಿಸಬಲ್ಲವರು ಬೇಕು. ಪದವಿ ಇದ್ದೂ ಮಗುವಿಗೆ ಹೇಳಲಾರದವರು ಅರ್ಧ ಅರ್ಹರು.

ಎರಡನೆಯದು ಕಳಂಕರಹಿತ ಪ್ರಾಮಾಣಿಕತೆ

ಪ್ರಾಮಾಣಿಕತೆ ಎಂದೊಡನೆ ಅಕ್ಕಿ ಕದಿಯುವವರ ನೆನಪಾಗುತ್ತದೆ. ಅದು ಸರಿಯೇ. ಊಟವನ್ನು ಸರಬರಾಜು ಮಾಡುವವರು ಮತ್ತು ಅದನ್ನು ಪರೀಕ್ಷಿಸುವವರು ಒಂದೇ ಪಂಕ್ತಿಯವರಾಗಬಾರದು. ಆದರೆ ಇನ್ನೊಂದು ಬಗೆಯ ಕಳ್ಳತನವಿದೆ. ತನ್ನ ನಂಬಿಕೆಯನ್ನು ಶಾಸ್ತ್ರದ ಹೆಸರಿನಲ್ಲಿ ಅನ್ಯರ ಮಕ್ಕಳ ತಟ್ಟೆಗೆ ಬಡಿಸುವುದೇ ಅದು.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಸರ್ಕಾರ ಮುಂದಾದಾಗ ಕೆಲವು ಮಠಾಧೀಶರಿಂದ ವಿರೋಧ ಬಂತು. ಮುಂದಿನ ವರ್ಷ ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಅದೇ 2022ರಲ್ಲಿ, ರಾಷ್ಟ್ರೀಯ ಶಿಕ್ಷಣ ನೀತಿಗೆ ಸಂಬಂಧಿಸಿ ರಾಜ್ಯದ ಪರವಾಗಿ ಸಿದ್ಧವಾದ ಆರೋಗ್ಯ ವಿಷಯದ ದಾಖಲೆಯೊಂದು, ಮೊಟ್ಟೆ ಮತ್ತು ಮಾಂಸದ ನಿಯತ ಸೇವನೆಯಿಂದ ಮಕ್ಕಳಿಗೆ ಜೀವನಶೈಲಿಯ ಕಾಯಿಲೆಗಳು ಬರುತ್ತವೆಂದು ಹೇಳಿ ಅವುಗಳನ್ನು ಊಟದಿಂದ ದೂರವಿಡುವ ಸಲಹೆ ಮಾಡಿತು. ಆ ಸಮಿತಿಯ ನೇತೃತ್ವ ಮಕ್ಕಳ ಮನೋವೈದ್ಯರೊಬ್ಬರದಾಗಿತ್ತು. ಮನೋವೈದ್ಯರ ವಿದ್ವತ್ತನ್ನು ನಾವು ಗೌರವಿಸುತ್ತೇವೆ. ಆದರೆ ಮೂರರಲ್ಲೊಂದು ಮಗು ಕುಂಠಿತವಾಗಿ ಬೆಳೆಯುತ್ತಿರುವ ರಾಜ್ಯದಲ್ಲಿ, ಆರೇಳು ಗ್ರಾಂ ಉತ್ತಮ ಪ್ರೋಟೀನು ಕೊಡುವ ಮೊಟ್ಟೆಯ ಬಗ್ಗೆ ತೀರ್ಪು ಕೊಡುವ ಅರ್ಹತೆ ಯಾರದು ಎಂಬ ಪ್ರಶ್ನೆಯನ್ನು ಪೋಷಣಾ ತಜ್ಞರೂ ವೈದ್ಯರೂ ಆಗ ಎತ್ತಿದರು, ಮತ್ತು ಅದು ನ್ಯಾಯವಾದ ಪ್ರಶ್ನೆಯಾಗಿತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನೊಂದಿಗೆ ವಾರಕ್ಕೆ 6 ದಿನ ಮೊಟ್ಟೆ ಕೊಡುವ ಏರ್ಪಾಡಾಯಿತು.

ನಮ್ಮ ನಗರದ ಅನೇಕ ಶಾಲೆಗಳಿಗೆ ದೊಡ್ಡ ಕೇಂದ್ರೀಕೃತ ಅಡುಗೆಮನೆಗಳಿಂದ ಊಟ ಬರುತ್ತದೆ. ಅಕ್ಷಯ ಪಾತ್ರ ಸಂಸ್ಥೆಯು 2000ದಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುತ್ತಾ ಆರಂಭವಾಯಿತು. ಅಷ್ಟೊಂದು ಊಟವನ್ನು ಶುಚಿಯಾಗಿ, ಹೊತ್ತಿಗೆ ಸರಿಯಾಗಿ ತಲುಪಿಸುವುದು ಸಣ್ಣ ಸಾಧನೆಯಲ್ಲ. ಅವರು ತಮ್ಮ ಧಾರ್ಮಿಕ ಆಚರಣೆಯಂತೆ ಈರುಳ್ಳಿ, ಬೆಳ್ಳುಳ್ಳಿ ಬಳಸುವುದಿಲ್ಲ. ಇದು ವಿವಾದವಾದಾಗ 2019ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು, ಆ ಊಟ ಪೋಷಕಾಂಶದ ಮಾನದಂಡಕ್ಕೆ ಸರಿಹೊಂದುತ್ತದೆ ಎಂದು ಹೇಳಿತು. ಆಹಾರ ಹಕ್ಕಿನ ಕಾರ್ಯಕರ್ತರು, ಮಕ್ಕಳಿಗೆ ಆ ರುಚಿ ಹಿಡಿಸದಿದ್ದರೆ ಅವರ ಹೊಟ್ಟೆಗೆ ಸೇರುವುದೆಷ್ಟು ಎಂದು ಕೇಳಿದರು. ಎರಡೂ ಮಾತುಗಳಿಗೆ ಕಿವಿಗೊಡಬೇಕು. ಸಂಸ್ಥೆಯನ್ನು ಜರೆಯುವುದೂ ಹೊಗಳುವುದೂ ಮೇಲುಸ್ತುವಾರಿಯಲ್ಲ. ಬಡಿಸಿದ್ದೆಷ್ಟು, ತಿಂದದ್ದೆಷ್ಟು, ಚೆಲ್ಲಿದ್ದೆಷ್ಟು ಎಂದು ಅಳೆದು, ಅಳೆದದ್ದನ್ನು ಅಂಜದೆ ಬರೆಯುವುದು ಮೇಲುಸ್ತುವಾರಿ.

ಈ ಮಾತು ನಮಗೂ ಅನ್ವಯಿಸುತ್ತದೆ. ತಟ್ಟೆಯನ್ನು ಬಾವುಟವನ್ನಾಗಿ ಮಾಡುವ ಚಟ ಒಂದೇ ಕಡೆಯದಲ್ಲ. ಮೊಟ್ಟೆ ಬೇಡವೆನ್ನುವ ಮಗುವಿನ ಮುಂದೆ ಮೊಟ್ಟೆಯನ್ನು ಹಿಡಿದು ಗೆಲುವನ್ನು ಆಚರಿಸುವವರೂ ಈ ಹುದ್ದೆಗೆ ಅನರ್ಹರೇ. ಹಾಗೆಯೇ ಅಡುಗೆ ಮಾಡಿದವರ ಜಾತಿಯನ್ನು ಕೇಳುವವರು ಶಾಲೆಯ ಗೇಟನ್ನು ದಾಟಲೂ ಅರ್ಹರಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ.

ಮೂರನೆಯದು ಸೌಜನ್ಯ

ಸೌಜನ್ಯವೂ ಒಂದು ಅರ್ಹತೆಯೇ ಎಂದು ಕೆಲವರಿಗೆ ಅಚ್ಚರಿಯಾಗಬಹುದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಕೀಟನಾಶಕ ಸೇರಿತ್ತು. ಎಣ್ಣೆ ಸರಿಯಿಲ್ಲವೆಂದು ಅಡುಗೆಯ ಹೆಂಗಸು ಹೇಳಿದ್ದರೂ ಮುಖ್ಯ ಶಿಕ್ಷಕಿ ಅದಕ್ಕೆ ಕಿವಿಗೊಡಲಿಲ್ಲ ಎಂದು ಆಗ ವರದಿಯಾಯಿತು. 2016ರಲ್ಲಿ ನ್ಯಾಯಾಲಯ ಆಕೆಗೆ ಜೈಲು ಶಿಕ್ಷೆ ವಿಧಿಸಿತು. ಶಿಕ್ಷೆಯಿಂದ ಮಕ್ಕಳು ಮರಳಿ ಬರಲಿಲ್ಲ. ಆ ದುರಂತದ ನಂತರವೇ, ಮಕ್ಕಳಿಗೆ ಬಡಿಸುವ ಮುನ್ನ ಒಬ್ಬ ಶಿಕ್ಷಕರೂ ಸೇರಿದಂತೆ ಎರಡು ಮೂರು ಹಿರಿಯರು ಊಟದ ರುಚಿ ನೋಡಿ ದಾಖಲಿಸಬೇಕೆಂಬ ನಿಯಮ ದೇಶದಾದ್ಯಂತ ಬಿಗಿಯಾಯಿತು. ನಾವು ಅಂದು ತಿನ್ನದೆ ಸಹಿ ಹಾಕಿದ ಪುಟದ ಹಿಂದೆ ಇಂತಹ ಒಂದು ಕಥೆ ಇತ್ತೆಂಬುದು ನಮಗೆ ತಡವಾಗಿ ಅರ್ಥವಾಯಿತು.

ಅಡುಗೆಯವರ ಮಾತನ್ನು ಆಲಿಸದ ಮೇಲ್ವಿಚಾರಕ ಎಷ್ಟೇ ಓದಿದ್ದರೂ ಅಪಾಯಕಾರಿ. ಎಣ್ಣೆಯ ವಾಸನೆ, ಬೇಳೆಯ ಹುಳ, ನೀರಿನ ಬಣ್ಣ ಇವು ಮೊದಲು ಗೊತ್ತಾಗುವುದು ಆಕೆಗೆ. 2009ರ ಕೇಂದ್ರದ ನಿಯಮದಲ್ಲಿ ಆಕೆಯ ದುಡಿಮೆಗೆ ಕಟ್ಟಿದ ಬೆಲೆ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ 10 ತಿಂಗಳು ಮಾತ್ರ. ರಾಜ್ಯ ಸರ್ಕಾರ ಅದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಅದನ್ನು ಸಂಬಳವೆಂದು ಕರೆಯುವುದಿಲ್ಲ, ಗೌರವಧನ ಎನ್ನುತ್ತಾರೆ. ಗೌರವವನ್ನಾದರೂ ಪೂರ್ಣವಾಗಿ ಕೊಡೋಣ. ಬಕೆಟ್ ನೋಡಿ ಎಂದು ನಮಗೆ ಕಲಿಸಿದ ಆ ಸಹಾಯಕಿಯೇ ಶೈಝರಿಯವರು ಹೇಳಿದ ಅರೀಫ್. ಪದವಿಯಿಲ್ಲದಿದ್ದರೂ ಆಕೆ ಬಲ್ಲವಳು. ಪದವಿಯಿದ್ದವರು ಆಕೆಯ ಪಕ್ಕದಲ್ಲಿ ಕುಳಿತು ಕೇಳಿದಾಗ ಮಾತ್ರ ಮೇಲುಸ್ತುವಾರಿ ಪೂರ್ಣವಾಗುತ್ತದೆ.

ನಮ್ಮ ಮನೆಯ ದಸ್ತರ್‌ಖಾನ್

ಸರ್ಕಾರವನ್ನೂ ಸಂಸ್ಥೆಗಳನ್ನೂ ವಿಮರ್ಶಿಸಿದೆವು. ಇನ್ನು ಆತ್ಮಾವಲೋಕನ. ನಮ್ಮ ಬೀದಿಗಳ ಎಷ್ಟು ಮಕ್ಕಳು ಬೆಳಿಗ್ಗೆ ಒಂದು ಲೋಟ ಚಹಾ ಮತ್ತು ಬನ್ ತಿಂದು ಶಾಲೆಗೆ ಹೋಗುತ್ತಾರೆ? ಮದುವೆಯ ಮನೆಯಲ್ಲಿ ಬಿರಿಯಾನಿಯ ಡೇಗ್‌ಗಳನ್ನು ಸಾಲಾಗಿ ಇಳಿಸುವ ನಾವು, ವಾರದ ಉಳಿದ ದಿನಗಳಲ್ಲಿ ಹೆಣ್ಣುಮಗಳ ತಟ್ಟೆಯಲ್ಲಿ ಏನಿದೆಯೆಂದು ನೋಡುತ್ತೇವೆಯೇ? ಗಂಡಸರು ಉಂಡೆದ್ದ ಮೇಲೆ ಉಳಿದ ಅನ್ನ ಸಾರಿನಲ್ಲಿ ತಾಯಿ ಮಗಳು ಮುಗಿಸಿಕೊಳ್ಳುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದೇ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಇದರಲ್ಲಿ ನಮ್ಮ ಮನೆಯವರಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ನಮ್ಮ ಅಡುಗೆಯಲ್ಲಿ ತಿಳಿವಳಿಕೆ ಇರಲಿಲ್ಲವೆಂದಲ್ಲ. ಬೇಳೆ, ಸೋರೆಕಾಯಿ, ಹುಣಸೆ, ಒಂದಿಷ್ಟು ಮಾಂಸ ಕೂಡಿದ ದಾಲ್ಚಾ ಯಾವ ಪೋಷಣಾ ತಜ್ಞರೂ ಒಪ್ಪುವ ಪದಾರ್ಥ. ರಮಝಾನಿನ ಹಲೀಮ್‌ನಲ್ಲಿ ಗೋಧಿಯೂ ಬೇಳೆಯೂ ಮಾಂಸವೂ ಒಂದಾಗುತ್ತವೆ. ಹಿಂದಿನವರು ಕೈಯಳತೆಯಲ್ಲಿ ಉಳಿಸಿಕೊಂಡು ಬಂದದ್ದನ್ನು ನಾವು ಹಬ್ಬಕ್ಕೆ ಮೀಸಲಿಟ್ಟು, ದಿನನಿತ್ಯಕ್ಕೆ ಪ್ಯಾಕೆಟ್ಟನ್ನು ಆರಿಸಿಕೊಂಡೆವು. ಶಾಲೆಯಲ್ಲಿ ಕಲಿತದ್ದನ್ನು ಮಗು ಮನೆಗೆ ತಂದಾಗ ಅದಕ್ಕೆ ಬಾಗಿಲು ತೆರೆಯುವ ಮನೆಯಿರಬೇಕು. ಇಲ್ಲವಾದರೆ ಎಂತಹ ಅರ್ಹ ಮೇಲ್ವಿಚಾರಕರಿದ್ದೂ ಫಲವಿಲ್ಲ.

ಮಗಳ ಪದವಿ

ಬಲ್ಲವರು ಎಲ್ಲಿಂದ ಬರಬೇಕು? ಮಲ್ಲೇಶ್ವರದ ಆಚೆಗಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, 1933ರಲ್ಲಿ ಕಮಲಾ ಭಾಗವತ್ ಎಂಬ ಯುವತಿ ಬಂದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು ಇವರೇ. ಹೆಣ್ಣು ಎಂಬ ಕಾರಣಕ್ಕೆ ಸರ್ ಸಿ.ವಿ. ರಾಮನ್ ಅವರು ಮೊದಲು ಪ್ರವೇಶ ನಿರಾಕರಿಸಿ, ಆಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬಂತಹ ಷರತ್ತುಗಳೊಂದಿಗೆ ಸೇರಿಸಿಕೊಂಡರು. ಆಕೆ ಅಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಬಗ್ಗೆ ಸಂಶೋಧನೆ ನಡೆಸಿದರು. 1939ರಲ್ಲಿ ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಪಡೆದರು. ಮುಂದೆ ನೀರಾದಂತಹ ಬಡವರ ಪಾನೀಯದ ಪೋಷಕ ಗುಣಗಳನ್ನು ಅಧ್ಯಯನ ಮಾಡಿದರು. ಷರತ್ತಿನ ಮೇಲೆ ಒಳಗೆ ಬಂದ ಆ ಹೆಣ್ಣುಮಗಳೇ ಮುಂದೆ ಈ ಶಾಸ್ತ್ರದಲ್ಲಿ ಬಲ್ಲವರೆನಿಸಿಕೊಂಡರು.

ಇಂದು ನಮ್ಮ ಹೆಣ್ಣುಮಕ್ಕಳಿಗೆ ಅಂತಹ ಷರತ್ತನ್ನು ಹಾಕುತ್ತಿರುವವರು ಯಾರು? ಶೇಷಾದ್ರಿ ರಸ್ತೆಯಲ್ಲಿ ಗೃಹವಿಜ್ಞಾನದ ಸರ್ಕಾರಿ ಕಾಲೇಜು ಇದೆ. ಈ ಸಭಾಂಗಣದಿಂದ ಅಲ್ಲಿಗೆ ಸಿಟಿ ಬಸ್ಸಿನಲ್ಲಿ ಹೋಗಿ ಬರಬಹುದು. ಗೃಹವಿಜ್ಞಾನವೆಂದರೆ ಒಳ್ಳೆಯ ಸೊಸೆಯಾಗುವ ತರಬೇತಿ ಎಂದು ಭಾವಿಸಿ ಮಗಳನ್ನು ಅಲ್ಲಿಗೆ ಕಳುಹಿಸಿದವರಿದ್ದಾರೆ. ಪದವಿ ಮುಗಿದ ಮೇಲೆ ನಿಕಾಹ್‌ನ ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಪ್ರಮಾಣಪತ್ರವನ್ನು ಕಪಾಟಿನಲ್ಲಿ ಇಟ್ಟವರೂ ಇದ್ದಾರೆ. ಆ ಪ್ರಮಾಣಪತ್ರ ನಮ್ಮ ಶಾಲೆಗಳಿಗೆ ಬೇಕಾಗಿದೆ. ಪೋಷಣೆಯ ವಿಷಯದಲ್ಲಿ ಪದವಿ ಪಡೆದ ಸಹೋದರಿ ವಾರದಲ್ಲಿ ಒಂದು ದಿನ, ಎರಡು ಗಂಟೆ ಶಾಲೆಗೆ ಬಂದರೂ ಆ ಶಾಲೆಯ ಊಟದ ಚಹರೆ ಬದಲಾದೀತು.

ಖಾಲಿ ಕುರ್ಚಿ

ಕೊನೆಯದಾಗಿ ಪೋಷಕರಾದ ನಮ್ಮ ಪಾಲಿನ ಕೆಲಸ. ಪ್ರತಿಯೊಂದು ಸರ್ಕಾರಿ ಶಾಲೆಯಲ್ಲೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರುತ್ತದೆ. ಮೇಲುಸ್ತುವಾರಿ ಎಂಬ ಪದ ಅದರ ಹೆಸರಿನಲ್ಲೇ ಇದೆ! ಶಿಕ್ಷಣ ಹಕ್ಕು ಕಾಯ್ದೆಯಂತೆ ಇಂತಹ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಬಿಸಿಯೂಟವನ್ನು ಗಮನಿಸುವ ಅಧಿಕಾರವನ್ನು 2015ರ ನಿಯಮಗಳು ಈ ಸಮಿತಿಗೆ ಕೊಟ್ಟಿವೆ. ಊಟ ಕೊಡದ ದಿನಕ್ಕೆ ಮಗುವಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದೂ ಅವು ಹೇಳುತ್ತವೆ. ಕಾನೂನು ಕುರ್ಚಿ ಹಾಕಿ ಕರೆದಿದೆ. ಕೂರುವವರೇ ಇಲ್ಲ. ಸಭೆಯ ದಿನ ಅಂಗಡಿ, ಕೆಲಸ, ಮದುವೆ ಎಂಬ ಕಾರಣ. ಆಮೇಲೆ ಹೋಟೆಲಿನ ಮೇಜಿನ ಮುಂದೆ ಕುಳಿತು ಸರ್ಕಾರಿ ಶಾಲೆ ಹಾಳಾಯಿತು ಎಂಬ ಭಾಷಣ.

ದೊಡ್ಡ ಕ್ರಾಂತಿಯೇನೂ ಬೇಡ. ಈ ಸಭೆಯಿಂದ ಎದ್ದು ಹೋಗುವ ಮುನ್ನ ಇಷ್ಟನ್ನು ನಿಶ್ಚಯಿಸೋಣ. ನಮ್ಮ ಮಗುವಿನ ಶಾಲೆಯ ಸಮಿತಿಯ ಮುಂದಿನ ಸಭೆಗೆ ತಪ್ಪದೆ ಹೋಗೋಣ, ಗಂಡಸರಿಗೆ ಬಿಡುವಿಲ್ಲದಿದ್ದರೆ ತಾಯಂದಿರು ಹೋಗಲಿ, ಅವರಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ತಿಂಗಳಿಗೊಂದು ದಿನ ಮಕ್ಕಳ ಪಂಕ್ತಿಯಲ್ಲಿ ಕುಳಿತು ಅದೇ ತಟ್ಟೆಯಲ್ಲಿ ಉಣ್ಣೋಣ. ಬಕೆಟಿನಲ್ಲಿ ಉಳಿದದ್ದನ್ನು ದಿನಾಲೂ ಬರೆದಿಡುವಂತೆ ಕೇಳಿಕೊಳ್ಳೋಣ. ಮತ್ತು ಪ್ರತಿ ತಾಲೂಕಿನ ಮೇಲುಸ್ತುವಾರಿಯಲ್ಲಿ ಪೋಷಣೆಯನ್ನು ಓದಿದ ಒಬ್ಬರಾದರೂ ಇರಬೇಕು, ಅವರಿಗೆ ಊಟದ ಸರಬರಾಜಿನಲ್ಲಿ ಪಾಲಿರಬಾರದು, ಅವರು ಅಡುಗೆಯವರ ಜೊತೆ ಕುಳಿತು ಮಾತನಾಡುವವರಾಗಿರಬೇಕು ಎಂಬ ಬೇಡಿಕೆಯನ್ನು ಸಮಿತಿಯ ನಿರ್ಣಯವಾಗಿ ಬರೆದು ಇಲಾಖೆಗೆ ಕಳುಹಿಸೋಣ. ಇದು ಒಂದು ಸಮುದಾಯದ ಬೇಡಿಕೆಯಲ್ಲ. ಆ ಪಂಕ್ತಿಯಲ್ಲಿ ಎಲ್ಲರ ಮಕ್ಕಳೂ ಕೂರುತ್ತಾರೆ.

ನಂಬಿ ಒಪ್ಪಿಸಿದ್ದನ್ನು ನಾವು ಅಮಾನತ್ ಎನ್ನುತ್ತೇವೆ. ಹಣದ ಅಮಾನತ್ತನ್ನು ಮರಳಿಸದವನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುತ್ತೇವೆ. ಮಗುವಿನ ಹಸಿವೂ ಒಂದು ಅಮಾನತ್. ಅದರ ಲೆಕ್ಕದ ಪುಸ್ತಕದಲ್ಲಿ ನಾವು ಅಂದು ಒಂದು ಸುಳ್ಳು ಸಹಿ ಹಾಕಿದ್ದೆವು. ಆ ಹುಡುಗಿ ಈಗ ಪ್ರೌಢಶಾಲೆಯನ್ನು ದಾಟಿರಬೇಕು. ನಾವು ಈಗಲೂ ಆಗಾಗ ಶಾಲೆಗಳಿಗೆ ಹೋಗುತ್ತೇವೆ. ಪುಸ್ತಕವನ್ನು ಮುಂದಿಟ್ಟಾಗ ಮೊದಲು ತಟ್ಟೆಯೊಂದನ್ನು ಕೇಳುತ್ತೇವೆ.